ಕಂಬಳಿಯ ತೂಕ, ಕಿಲ್ಟಿನ ನೆರಿಗೆ

ಉತ್ತರಿ, ಹಸ್ತ ಮಳೆಗಳ ಹೊತ್ತಿನಲ್ಲಿ ವಿಜಯಪುರ ಜಿಲ್ಲೆಯ ಇಂಡಿಯಿಂದ ಸಿಂದಗಿಗೆ, ಅಲ್ಲಿಂದ ಮುದ್ದೇಬಿಹಾಳದ ಕಡೆಗೆ ಹೋಗುವ ದಾರಿಯಲ್ಲಿ ಕುರಿ ಹಿಂಡುಗಳು ಎದುರಾಗುತ್ತವೆ. ಹಿಂಡಿನ ಹಿಂದೆ ಬರುವ ಕುರಿಗಾಹಿಯ ತಲೆಯ ಮೇಲೆ ಕಂಬಳಿ ಕೊಪ್ಪೆ ಇರುತ್ತದೆ. ಒಳ್ಳೆಯ ಕರಿ ಕಂಬಳಿ ಒಣಗಿದ್ದಾಗಲೇ ಎರಡು ಕಿಲೋ ಆಸುಪಾಸು ತೂಗುತ್ತದೆ, ನೆನೆದರೆ ಇನ್ನಷ್ಟು. ಅಂಗೈಯಗಲಕ್ಕೆ ಮಡಚಿ ಜೇಬಿಗೆ ಹಾಕಿಕೊಳ್ಳಬಹುದಾದ ಪ್ಲಾಸ್ಟಿಕ್ ರೇನ್‌ಕೋಟು ಸಂತೆಯಲ್ಲಿ ಸಿಗುವಾಗ ಇಷ್ಟು ಭಾರವನ್ನು ಅವನೇಕೆ ಹೊರುತ್ತಾನೆ?

ಬಡತನ ಎನ್ನುವವರಿದ್ದಾರೆ, ರೂಢಿ ಎನ್ನುವವರೂ ಇದ್ದಾರೆ. ಎರಡೂ ಸರಿಯಾದ ಉತ್ತರವಲ್ಲ. ಕಂಬಳಿ ಅಗ್ಗದ ವಸ್ತುವಲ್ಲ. ರೂಢಿಯ ಮಾತಿಗೆ ಬಂದರೆ, ದಿನಕ್ಕೆ ಹತ್ತಾರು ಕಿಲೋಮೀಟರ್ ನಡೆಯುವವನು ಬೇಡದ ತೂಕವನ್ನು ಎರಡನೇ ದಿನಕ್ಕೇ ಇಳಿಸಿಬಿಡುತ್ತಾನೆ. ಆ ತೂಕ ತಲೆಮಾರುಗಳಿಂದ ಉಳಿದು ಬಂದಿದೆ ಎಂದರೆ ಅದು ಏನೋ ಕೆಲಸ ಮಾಡುತ್ತಿದೆ ಎಂದೇ ಅರ್ಥ.

ಇದೇ ಪಾಠವನ್ನು ಸ್ಕಾಟ್ಲೆಂಡಿನ ಹಳೆಯ ಸೈನಿಕ ಉಡುಪನ್ನು ಇಂದು ಮರಳಿ ಹೊಲಿಸುವವರೂ ಕಲಿತಿದ್ದಾರೆ. ಅಲ್ಲಿನ ಗುಡ್ಡಗಾಡು ಸೀಮೆಯಾದ ಹೈಲ್ಯಾಂಡ್‌ನ ಪಡೆಗಳ ಸೈನಿಕರು ಉಡುತ್ತಿದ್ದ ನೆರಿಗೆಯ ಉಣ್ಣೆ ಬಟ್ಟೆಯೇ ಕಿಲ್ಟ್. ಚಿತ್ರ ನೋಡಿ, ಅಳತೆ ನೋಡಿ, ಚೌಕಳಿಯ ಬಣ್ಣವನ್ನೂ ಎಳೆಯೆಳೆಯಾಗಿ ಹೊಂದಿಸಿ ಹೊಲಿದರೂ ಬಟ್ಟೆ ಹಗುರವಾಗಿದ್ದರೆ ಕಿಲ್ಟ್ ಹಳೆಯದರ ಹಾಗೆ ಕೂರುವುದಿಲ್ಲ. ನೆರಿಗೆ ಬಿಚ್ಚಿಕೊಳ್ಳುತ್ತದೆ, ಗಾಳಿಗೆ ಹಾರುತ್ತದೆ, ನಡೆಯುವಾಗ ಕಾಲಿಗೆ ಸುತ್ತಿಕೊಳ್ಳುತ್ತದೆ. ಆದ್ದರಿಂದ ಬಲ್ಲವರು ಮೊದಲು ಬಟ್ಟೆಯ ತೂಕ ಕೇಳುತ್ತಾರೆ, ಬಣ್ಣವನ್ನು ಆಮೇಲೆ ನೋಡುತ್ತಾರೆ.

ಕಂಬಳಿ ಮತ್ತು ಕಿಲ್ಟ್ ಎರಡರ ಹಿಂದೆಯೂ ಇರುವುದು ಒಂದೇ ಭೌತಶಾಸ್ತ್ರ. ಮೈಮೇಲೆ ಬಟ್ಟೆ ಹೇಗೆ ಕೂರುತ್ತದೆ, ಮುಟ್ಟಿದರೆ ಹೇಗನಿಸುತ್ತದೆ ಎಂಬ ಪ್ರಶ್ನೆಗಳಿಗೆ ಅಳೆದು ಹೇಳಬಹುದಾದ ಉತ್ತರಗಳಿವೆ. ಒರಟುತನ, ಭಾರ, ಬಿರುಸು ಇವನ್ನು ಅವಗುಣವೆಂದು ಪಟ್ಟಿ ಮಾಡುವ ಮೊದಲು ಆ ಉತ್ತರಗಳನ್ನು ನೋಡಬೇಕು.

ಒಂದೇ ಬಗೆಯ ಬಟ್ಟೆ, ಎರಡು ನಾಡು

ಇಂದಿನ ಕಿಲ್ಟಿಗೆ ಸೊಂಟಪಟ್ಟಿ, ಬಕಲ್, ಹೊಲಿದ ನೆರಿಗೆಗಳಿವೆ. ಅದರ ಪೂರ್ವಜ ರೂಪಕ್ಕೆ ಇವು ಯಾವುವೂ ಇರಲಿಲ್ಲ. 16ನೇ ಶತಮಾನದ ಕೊನೆಯ ಹೊತ್ತಿಗೆ ಸ್ಕಾಟ್ಲೆಂಡಿನ ಗುಡ್ಡಗಾಡಿನ ಜನ ಉದ್ದನೆಯ ಒಂದೇ ಉಣ್ಣೆ ಬಟ್ಟೆಯನ್ನು ಸೊಂಟದ ಸುತ್ತ ನೆರಿಗೆ ಹಿಡಿದು ಬೆಲ್ಟಿನಿಂದ ಬಿಗಿಯುತ್ತಿದ್ದರು. ಮೇಲೆ ಉಳಿದ ಭಾಗ ಹೆಗಲಿಗೆ ಹೋಗುತ್ತಿತ್ತು, ಮಳೆ ಬಂದರೆ ತಲೆಗೆ ಏರುತ್ತಿತ್ತು. ರಾತ್ರಿ ಬೆಲ್ಟು ಬಿಚ್ಚಿದರೆ ಅದೇ ಹೊದಿಕೆ. ಅಲ್ಲಿನ ಮಗ್ಗಗಳ ಅಗಲ ಕಡಿಮೆಯಿದ್ದುದರಿಂದ ಎರಡು ಪಟ್ಟಿಗಳನ್ನು ಉದ್ದಕ್ಕೆ ಹೊಲಿದು ಸೇರಿಸುತ್ತಿದ್ದರು. ನಮ್ಮ ಕುಣಿಮಗ್ಗದಲ್ಲಿ ನೇಯ್ದ ಕಂಬಳಿಗಳಲ್ಲೂ ಎರಡು ಪಟ್ಟಿ ಕೂಡಿಸುವ ರೂಢಿಯಿದೆ. ಲಾಳಿ ಎಸೆದು ಹಿಡಿಯುವ ಕೈಗಳ ಅಳತೆ ಎರಡೂ ನಾಡಿನಲ್ಲಿ ಒಂದೇ ತಾನೆ!

1739ರಲ್ಲಿ ಬ್ಲ್ಯಾಕ್ ವಾಚ್ ಎಂಬ ಹೈಲ್ಯಾಂಡ್ ಪಡೆ ಕಟ್ಟಿದಾಗ ಬ್ರಿಟಿಷ್ ಸರ್ಕಾರ ಈ ಉಡುಪನ್ನೇ ಸಮವಸ್ತ್ರವಾಗಿ ಒಪ್ಪಿಕೊಂಡಿತು. 1746ರ ಕಾಯ್ದೆ ಹೈಲ್ಯಾಂಡ್ ಉಡುಪನ್ನು ಜನಸಾಮಾನ್ಯರಿಗೆ ನಿಷೇಧಿಸಿತು, ಸೈನಿಕರಿಗೆ ಮಾತ್ರ ಬಿಟ್ಟಿತು. ನಿಷೇಧ ಹೋದದ್ದು 1782ರಲ್ಲಿ. ಅಷ್ಟರಲ್ಲಿ ಕುರಿ, ದನ ಕಾಯುವವರ ಹೊದಿಕೆ ಸೇನೆಯ ಗುರುತಾಗಿ ಬೆಳೆದಿತ್ತು. 1799ರಲ್ಲಿ ಶ್ರೀರಂಗಪಟ್ಟಣದ ಮೇಲೆ ಬಿದ್ದ ಇಂಗ್ಲಿಷ್ ಸೈನ್ಯದಲ್ಲೂ ಸ್ಕಾಟಿಷ್ ಪಡೆಗಳಿದ್ದವು.

ಇತ್ತ ವಿಜಯಪುರ ಜಿಲ್ಲೆಯಲ್ಲಿ, ಭೀಮಾ ನದಿಯ ಕಡೆಗಿರುವ ಇಂಡಿ-ಸಿಂದಗಿಗಳಿಂದ ಕೃಷ್ಣೆಯ ಕಡೆಗಿರುವ ಮುದ್ದೇಬಿಹಾಳ-ಬಸವನ ಬಾಗೇವಾಡಿಗಳ ತನಕ, ಕುರಿ ಮತ್ತು ಕಂಬಳಿ ಬದುಕಿನ ಒಳಗೇ ಬೆರೆತಿವೆ. ಸಿಂದಗಿ ತಾಲ್ಲೂಕಿನ ಗೋಲಗೇರಿಯಲ್ಲಿ ಗುಡಿ ಇರುವುದು ಕುರಿ ಹಿಕ್ಕೆಯನ್ನೇ ಲಿಂಗವೆಂದು ಪೂಜಿಸಿದ ಶರಣ ಗೊಲ್ಲಾಳನಿಗೆ. ಗಡಿಯಾಚೆ ಸೋಲಾಪುರ ಜಿಲ್ಲೆಯ ಹುಲಜಂತಿಯಲ್ಲಿ ದೀಪಾವಳಿಗೆ ನಡೆಯುವ ಮಾಳಿಂಗರಾಯನ ಜಾತ್ರೆಗೆ ಈ ಭಾಗದ ಹಾಲುಮತದವರು, ಅಂದರೆ ಕುರುಬರು, ಕಂಬಳಿ ಹೆಗಲಿಗೇರಿಸಿ ಹೋಗುತ್ತಾರೆ. ಕುರುಬರಲ್ಲಿ ಉಣ್ಣೆಕಂಕಣದವರು ಮದುವೆಯಲ್ಲಿ ಕೈಗೆ ಕಟ್ಟುವುದೂ ಉಣ್ಣೆಯ ದಾರವನ್ನೇ. ಹುಟ್ಟಿನಿಂದ ಸಾವಿನ ತನಕ ಜೊತೆಗಿರುವ ಬಟ್ಟೆಯ ಗುಣ ದೋಷಗಳನ್ನು ಒಂದು ಸಮುದಾಯ ಎಷ್ಟು ಸೂಕ್ಷ್ಮವಾಗಿ ಬಲ್ಲದು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಎಳೆ ಚುಚ್ಚುವುದೇಕೆ?

ಕಂಬಳಿಯ ಮೇಲಿನ ಮೊದಲ ದೂರು, ಅದು ಚುಚ್ಚುತ್ತದೆ ಎಂಬುದು. ಹಲವರು ಇದನ್ನು ಉಣ್ಣೆಯ ಅಲರ್ಜಿ ಎಂದುಕೊಳ್ಳುತ್ತಾರೆ. ಬಹುಪಾಲು ಸಂದರ್ಭಗಳಲ್ಲಿ ಅಲರ್ಜಿಗೂ ಇದಕ್ಕೂ ಸಂಬಂಧವಿಲ್ಲ. ಇದು ಶುದ್ಧ ಯಾಂತ್ರಿಕ ಸಂಗತಿ.

ಬಟ್ಟೆಯ ಮೇಲ್ಮೈಯಿಂದ ಎಳೆಗಳ ತುದಿಗಳು ಹೊರಕ್ಕೆ ಚಾಚಿಕೊಂಡಿರುತ್ತವೆ. ಚರ್ಮಕ್ಕೆ ತಾಗಿದಾಗ ತೆಳುವಾದ ತುದಿ ಬಾಗಿಬಿಡುತ್ತದೆ, ದಪ್ಪ ತುದಿ ಬಾಗದೆ ನೆಟ್ಟಗೆ ಒತ್ತುತ್ತದೆ. ಆ ಒತ್ತು ಸುಮಾರು 75 ಮಿಲಿಗ್ರಾಂ ಭಾರ ದಾಟಿದರೆ ಚರ್ಮದಡಿಯ ನೋವಿನ ನರಗಳು ಎಚ್ಚರಗೊಳ್ಳುತ್ತವೆ. ನಮಗೆ ತಿಳಿಯುವುದು ನೋವಲ್ಲ, ಮುಳ್ಳುಮುಳ್ಳಾದ ತುರಿಕೆ. ಆಸ್ಟ್ರೇಲಿಯಾದ ವಿಜ್ಞಾನಿಗಳು 1980ರ ದಶಕದಲ್ಲಿ ಇದನ್ನು ಬಿಡಿಸಿ ತೋರಿಸಿದರು. ಬಟ್ಟೆಯಲ್ಲಿ 30 ಮೈಕ್ರಾನ್‌ಗಿಂತ ದಪ್ಪನೆಯ ಎಳೆಗಳು ನೂರಕ್ಕೆ ಐದಕ್ಕಿಂತ ಹೆಚ್ಚಿದ್ದರೆ ಸಾಕು, ಹೆಚ್ಚಿನವರಿಗೆ ಅದು ಚುಚ್ಚುತ್ತದೆ.

ಯಾವ ಕಡ್ಡಿ ಎಷ್ಟು ಭಾರಕ್ಕೆ ಬಾಗುತ್ತದೆ ಎಂಬ ಲೆಕ್ಕವನ್ನು 18ನೇ ಶತಮಾನದಲ್ಲೇ ಗಣಿತಜ್ಞ ಆಯ್ಲರ್ ಕೊಟ್ಟಿದ್ದ. ಕಡ್ಡಿಯ ದಪ್ಪ ಇಮ್ಮಡಿಯಾದರೆ ಅದನ್ನು ಬಾಗಿಸಲು ಹದಿನಾರು ಪಟ್ಟು ಬಲ ಬೇಕು. ಉದ್ದ ಅರ್ಧವಾದರೆ ನಾಲ್ಕು ಪಟ್ಟು. ಹಿಂಗಾರಿ ಜೋಳ ಕೊಯ್ದ ಹೊಲದಲ್ಲಿ ಬರಿಗಾಲಲ್ಲಿ ನಡೆದವರಿಗೆ ಈ ಸೂತ್ರ ಗೊತ್ತಿದೆ: ಆಳೆತ್ತರದ ದಂಟು ಕೈ ತಾಗಿದರೆ ಬಳುಕುತ್ತದೆ, ಅದೇ ದಂಟಿನ ಗೇಣುದ್ದದ ಕೂಳೆ ಅಂಗಾಲು ಸೀಳುತ್ತದೆ.

ಮೆರಿನೋ ಕುರಿಯ ಉಣ್ಣೆ ಎಳೆ 17ರಿಂದ 24 ಮೈಕ್ರಾನ್ ದಪ್ಪವಿರುತ್ತದೆ. ನಮ್ಮ ದಖ್ಖನಿ ಕುರಿಯದು ಸಾಮಾನ್ಯವಾಗಿ 35 ಮೈಕ್ರಾನ್ ಮೀರುತ್ತದೆ. ಜೊತೆಗೆ ನಡುವೆ ಟೊಳ್ಳಿರುವ ಕೂದಲಿನಂಥ ಎಳೆಗಳೂ ಅದರಲ್ಲಿ ಬೆರೆತಿರುತ್ತವೆ. 20 ಮೈಕ್ರಾನಿನ ಎಳೆಗೂ 40 ಮೈಕ್ರಾನಿನ ಎಳೆಗೂ ಬಿರುಸಿನಲ್ಲಿ ಹದಿನಾರು ಪಟ್ಟು ವ್ಯತ್ಯಾಸ! ದಖ್ಖನಿ ಉಣ್ಣೆಯಿಂದ ಒಳ ಅಂಗಿ ಹೊಲಿಸಬಾರದು, ನಿಜ. ಆದರೆ ಕಂಬಳಿ ಒಳ ಅಂಗಿಯಲ್ಲ. ಅಂಗಿ, ಧೋತರ, ರುಮಾಲುಗಳ ಮೇಲೆ ಅದು ಬರುತ್ತದೆ. ಮೈಗೆ ಅಂಟದೆ ನಿಲ್ಲುವುದೇ ಅಲ್ಲಿ ಬೇಕಾದ ಗುಣ, ಅದನ್ನು ಕೊಡುವುದು ಆ ದಪ್ಪ ಎಳೆಯೇ.

ಕಿಲ್ಟಿನಲ್ಲಿ ಇದೇ ಸಮಸ್ಯೆಯನ್ನು ಬೇರೆ ದಾರಿಯಿಂದ ಬಗೆಹರಿಸುತ್ತಾರೆ. ಅಲ್ಲಿ ಬರಿದೊಡೆಗೆ ಉಣ್ಣೆ ತಾಗುತ್ತದೆ. ಆದ್ದರಿಂದ ಒಳ್ಳೆಯ ಕಿಲ್ಟ್ ಬಟ್ಟೆಗೆ ಉದ್ದ ಎಳೆಗಳನ್ನು ಬಾಚಿ, ಒಂದಕ್ಕೊಂದು ಸಮನಾಗಿ ಮಲಗಿಸಿ ನೂಲುತ್ತಾರೆ. ಎಳೆಗಳ ತುದಿ ಒಳಗೇ ಅಡಗುತ್ತದೆ, ಮೇಲ್ಮೈ ನಯವಾಗುತ್ತದೆ. ನಮ್ಮಲ್ಲಿ ಉಣ್ಣೆ ಹಿಂಜಿ, ಹಂಜಿ ಮಾಡಿ, ರಾಟಿಯಲ್ಲಿ ನೂಲುವಾಗ ಎಳೆಗಳು ಎಲ್ಲ ದಿಕ್ಕಿಗೂ ಚದುರುತ್ತವೆ. ನೂಲು ಉಬ್ಬಿಕೊಂಡು, ರೋಮ ರೋಮವಾಗಿ ನಿಲ್ಲುತ್ತದೆ. ಚುಚ್ಚುವುದು ಈ ರೋಮ, ಗಾಳಿ ಹಿಡಿದಿಟ್ಟು ಬೆಚ್ಚಗಿಡುವುದೂ ಇದೇ ರೋಮ.

ಇಳಿಬೀಳುವ ಬಟ್ಟೆಯ ಲೆಕ್ಕ

ಬಟ್ಟೆ ಅಂಗಡಿಯಲ್ಲಿ ನಾವು ಮೊದಲು ಮಾಡುವುದು ಸೆರಗನ್ನು ಬೆರಳುಗಳ ನಡುವೆ ಉಜ್ಜಿ ನೋಡುವುದು. ಬೆರಳಿಗೆ ಸಿಗುವ ಆ ತಿಳಿವನ್ನು ಸಂಖ್ಯೆಯಲ್ಲಿ ಹಿಡಿಯಬಹುದು ಎಂದು ಮ್ಯಾಂಚೆಸ್ಟರಿನ ಶರ್ಲಿ ಸಂಸ್ಥೆಯ ಎಫ್. ಟಿ. ಪಿಯರ್ಸ್ 1930ರಲ್ಲಿ ತೋರಿಸಿಕೊಟ್ಟ. ಅವನ ಪ್ರಯೋಗ ಬಹಳ ಸರಳ. ಬಟ್ಟೆಯ ಪಟ್ಟಿಯೊಂದನ್ನು ಮೇಜಿನ ಅಂಚಿನಿಂದ ನಿಧಾನವಾಗಿ ಹೊರಕ್ಕೆ ತಳ್ಳುತ್ತಾ ಹೋಗಬೇಕು. ಅದರ ತುದಿ ತನ್ನ ಭಾರಕ್ಕೇ ಬಾಗುತ್ತದೆ. ಅಂಚಿನಿಂದ ತುದಿಗೆ ಎಳೆದ ಗೆರೆ ಮೇಜಿನ ಮಟ್ಟದಿಂದ 41.5 ಡಿಗ್ರಿ ಕೆಳಗೆ ಬಂದಾಗ ತಳ್ಳುವುದನ್ನು ನಿಲ್ಲಿಸಬೇಕು. ಹೊರಗೆ ಬಂದ ಉದ್ದದ ಅರ್ಧವೇ ಆ ಬಟ್ಟೆಯ 'ಬಾಗುದ್ದ'.

ಬಾಗುದ್ದವನ್ನು ನಿರ್ಧರಿಸುವುದು ಎರಡು ಸಂಗತಿಗಳ ಜಗ್ಗಾಟ. ಬಟ್ಟೆಯ ಬಿರುಸು ಅದನ್ನು ನೆಟ್ಟಗೆ ಚಾಚುತ್ತದೆ, ತೂಕ ಕೆಳಕ್ಕೆ ಎಳೆಯುತ್ತದೆ. ಬಿರುಸನ್ನು ತೂಕದಿಂದ ಭಾಗಿಸಿ ಘನಮೂಲ ತೆಗೆದರೆ ಬಾಗುದ್ದ ಸಿಗುತ್ತದೆ. ಬಿರುಸು ಅಷ್ಟೇ ಇದ್ದು ತೂಕ ಮಾತ್ರ ಇಮ್ಮಡಿಯಾದರೆ ಬಾಗುದ್ದ ನೂರಕ್ಕೆ ಇಪ್ಪತ್ತರಷ್ಟು ಇಳಿಯುತ್ತದೆ. ಬಟ್ಟೆ ಅಷ್ಟರ ಮಟ್ಟಿಗೆ ಹೆಚ್ಚು ಇಳಿಬೀಳುತ್ತದೆ. ಭಾರದ ಬಟ್ಟೆಯೆಲ್ಲ ಗಡುಸು ಎಂಬ ನಂಬಿಕೆ ಅರ್ಧ ಸತ್ಯ ಮಾತ್ರ. ಎಳೆಗಳು ಒಂದರ ಮೇಲೊಂದು ಜಾರುವಂತಿದ್ದರೆ ಭಾರವೇ ಬಟ್ಟೆಯನ್ನು ಚೆಂದಾಗಿ ಇಳಿಬಿಡುತ್ತದೆ.

ಕಿಲ್ಟಿಗೆ ಬೇಕಾದದ್ದು ಇದೇ. ಅದರ ಬಟ್ಟೆಯನ್ನು ಗಜಕ್ಕೆ ಇಷ್ಟು ಔನ್ಸ್ ಎಂದು ತೂಗುತ್ತಾರೆ. ಸಾಮಾನ್ಯವಾದದ್ದು 13 ಔನ್ಸ್, ಭಾರದ್ದು 16, ಹಳೆಯ ಸೈನಿಕ ಕಿಲ್ಟಿನ ಮಟ್ಟಕ್ಕೆ ಹೋಗಬೇಕೆಂದರೆ 18ರಿಂದ 22. ದೊಡ್ಡ ಪನ್ನದ ನಾಲ್ಕು ಗಜವನ್ನು ಸೀಳಿ ಕೂಡಿಸಿ ಎಂಟು ಗಜ ಉದ್ದದ ಕಿಲ್ಟ್ ಮಾಡುತ್ತಾರೆ. 13 ಔನ್ಸಿನ ಬಟ್ಟೆಯಾದರೆ ಒಟ್ಟು ತೂಕ ಸುಮಾರು ಒಂದೂವರೆ ಕಿಲೋ, 21 ಔನ್ಸಿನದಾದರೆ ಸುಮಾರು 2.4 ಕಿಲೋ. ನಮ್ಮ ಕಂಬಳಿಯ ತೂಕಕ್ಕೆ ಅದು ಬಂದು ನಿಂತಿತು.

ನಡೆಯುವಾಗ ಹಿಂದಿನ ನೆರಿಗೆಗಳು ಪ್ರತಿ ಹೆಜ್ಜೆಗೂ ತೂಗುತ್ತವೆ. ಹಗುರ ಬಟ್ಟೆಯ ನೆರಿಗೆಯನ್ನು ಗಾಳಿಯ ತಡೆ ಅಡ್ಡಾದಿಡ್ಡಿ ಎತ್ತಾಡುತ್ತದೆ. ಭಾರದ ನೆರಿಗೆಯ ಮುಂದೆ ಗಾಳಿಯ ತಡೆ ಏನೂ ಅಲ್ಲ. ಲೋಲಕದ ನಿಯಮಕ್ಕೆ ಬದ್ಧವಾಗಿ ಅದು ಹೋಗಿ, ಅದೇ ದಾರಿಯಲ್ಲಿ ಮರಳಿ, ತನ್ನ ಜಾಗದಲ್ಲಿ ನಿಲ್ಲುತ್ತದೆ. ಸಾಲು ಸಾಲಾಗಿ ನಡೆಯುವ ಸೈನಿಕರ ಕಿಲ್ಟುಗಳು ಒಂದೇ ತಾಳಕ್ಕೆ ತೂಗುವುದರ ಹಿಂದೆ ಕವಾಯತಿನಷ್ಟೇ ಪಾಲು ಬಟ್ಟೆಯ ತೂಕಕ್ಕೂ ಇದೆ.

ಭಾರದ ಬಟ್ಟೆಗೆ ಹಗುರ ಬಟ್ಟೆಯ ಅಳತೆಯನ್ನೇ ಹಿಡಿದು ಹೊಲಿದರೆ ಕಿಲ್ಟ್ ಬಿಗಿಯಾಗುತ್ತದೆ. ಕಾರಣವನ್ನು ಶಾಲೆಯ ಜ್ಯಾಮಿತಿಯೇ ಹೇಳುತ್ತದೆ. ನೆರಿಗೆ ಬಿದ್ದ ಕಡೆ ಬಟ್ಟೆಯ ಐದು ಪದರಗಳು ಕೂಡಿ, ಪ್ರತಿ ಪದರ ಒಂದು ಮಿಲಿಮೀಟರ್ ದಪ್ಪವಿದೆ ಎಂದುಕೊಳ್ಳಿ. ಒಳಮೈಗೂ ಹೊರಮೈಗೂ ನಡುವೆ ಐದು ಮಿಲಿಮೀಟರ್ ಅಂತರ. ಹಿಂಬದಿಯ ಅರ್ಧ ಸುತ್ತಿಗೆ ಇದನ್ನು 'ಪೈ'ನಿಂದ ಗುಣಿಸಿದರೆ ಹದಿನಾರು ಮಿಲಿಮೀಟರ್. ಹೊರಮೈಯಲ್ಲಿ ಅಳೆದು ಹೊಲಿದರೆ ಒಳಗೆ ಅಷ್ಟು ಜಾಗ ಕಡಿಮೆಯಾಯಿತು. ನುರಿತ ದರ್ಜಿ ಈ ಹೆಚ್ಚಳವನ್ನು ಮೊದಲೇ ಬಿಟ್ಟಿರುತ್ತಾನೆ. ಜೊತೆಗೆ ಕಿಲ್ಟಿನ ಪಟ್ಟಿಯನ್ನು ಇಂದಿನ ಪ್ಯಾಂಟಿನ ಹಾಗೆ ಕೆಳಗೆ ಕೂರಿಸದೆ, ಹೊಕ್ಕುಳಿನ ಮೇಲೆ, ಪಕ್ಕೆಲುಬು ಮುಗಿದು ಸೊಂಟ ಸಣ್ಣದಾಗುವ ಕಡೆ ಬಿಗಿಯುತ್ತಾನೆ. ಅಲ್ಲಿಂದ ಕೆಳಗೆ ಮೈ ಅಗಲವಾಗುತ್ತಾ ಹೋಗುವುದರಿಂದ ಆ 2.4 ಕಿಲೋ ಭಾರ ಸೊಂಟದ ಮೂಳೆಗಳ ಮೇಲೆ ಹರಡಿ ಕೂರುತ್ತದೆ, ಜಾರುವುದಿಲ್ಲ. ಸರಿಯಾಗಿ ಕೂತ ಎರಡು ಕಿಲೋಗಿಂತ ಜಾರುವ ಅರ್ಧ ಕಿಲೋ ಹೆಚ್ಚು ದಣಿಸುತ್ತದೆ.

ಹುಣಸೆ ಬೀಜದ ಗಂಜಿ

ಕಂಬಳಿಗೆ ದರ್ಜಿಯಿಲ್ಲ. ಅದನ್ನು ಮೈಗೆ ಹೊಂದಿಸುವುದು ನೇಯುವ ಮೊದಲು ಹಾಸಿನ, ಅಂದರೆ ಉದ್ದ ಎಳೆಗಳ, ನೂಲಿಗೆ ಹಚ್ಚುವ ಹುಣಸೆ ಬೀಜದ ಗಂಜಿ.

ಬೀಜ ಹುರಿದು, ಸಿಪ್ಪೆ ತೆಗೆದು, ನೆನೆಸಿ, ಅರೆದು, ಕುದಿಸಿದರೆ ಅಂಟಂಟಾದ ಗಂಜಿ ಸಿದ್ಧ. ಹಾಸನ್ನು ಬಯಲಿನಲ್ಲಿ ಉದ್ದಕ್ಕೆ ಬಿಗಿದು, ದೊಡ್ಡ ಕುಂಚದಿಂದ ಒಂದೇ ದಿಕ್ಕಿಗೆ ಗಂಜಿ ಬಳಿಯುತ್ತಾರೆ. ಚದುರಿದ ರೋಮಗಳು ನೂಲಿಗೆ ಮಲಗುತ್ತವೆ, ಎಳೆ ಹುರಿಗೊಳ್ಳುತ್ತದೆ. ಮೋಡ ಮುಚ್ಚಿದರೆ ಕೆಲಸ ನಿಲ್ಲುತ್ತದೆ, ಗಂಜಿ ಒಣಗಲು ಬಿಸಿಲೇ ಬೇಕು. ರೋಮ ರೋಮವಾದ ಕೈನೂಲು ಹಣಿಗೆಯ ಉಜ್ಜಾಟಕ್ಕೆ ಹರಿಯದೆ ಉಳಿಯುವುದು ಈ ಗಂಜಿಯಿಂದ.

ಹುಣಸೆ ಬೀಜದಲ್ಲಿರುವುದು ಕ್ಸೈಲೋಗ್ಲೂಕಾನ್ ಎಂಬ ಉದ್ದ ಸರಪಳಿಯ ಸಕ್ಕರೆ ಸಂಯುಕ್ತ. ನೀರಿನಲ್ಲಿ ಅದು ಉಬ್ಬಿ ಲೋಳೆಯಾಗುತ್ತದೆ, ಒಣಗಿದರೆ ಗಟ್ಟಿ ಪೊರೆಯಾಗುತ್ತದೆ. ಆ ಪೊರೆ ಎಳೆಗಳನ್ನು ಒಂದಕ್ಕೊಂದು ಕಚ್ಚಿ ಹಿಡಿಯುತ್ತದೆ. ಬಿರುಸಿನ ಲೆಕ್ಕ ಇಲ್ಲಿ ತಲೆಕೆಳಗಾಗುತ್ತದೆ. ಬಿಡಿಬಿಡಿಯಾಗಿ ಜಾರುವ ಹತ್ತು ಎಳೆಗಳ ಬಿರುಸು ಒಂದರ ಹತ್ತು ಪಟ್ಟು ಮಾತ್ರ. ಅವೇ ಹತ್ತನ್ನು ಅಂಟಿಸಿ ಒಂದು ಕಡ್ಡಿ ಮಾಡಿದರೆ ಅದರ ಬಿರುಸು ಸುಮಾರು ನೂರು ಪಟ್ಟು. ಹೊಸ ಕಂಬಳಿ ಹಲಗೆಯ ಹಾಗೆ ನಿಲ್ಲುವುದು ಇದರಿಂದ.

ಈ ಬಿರುಸು ಬೇಕೆಂದೇ ಇಟ್ಟದ್ದು. ಕಂಬಳಿಯ ಒಂದು ತುದಿಯ ಎರಡು ಮೂಲೆಗಳನ್ನು ಒಳಕ್ಕೆ ಮಡಚಿ ತಲೆಗೇರಿಸಿದರೆ ಕೊಪ್ಪೆ. ನೆತ್ತಿಯ ಮೇಲೆ ಎರಡು ಪದರ, ಬೆನ್ನ ಮೇಲೆ ಇಳಿಜಾರು, ಬೆನ್ನಿಗೂ ಬಟ್ಟೆಗೂ ನಡುವೆ ಗಾಳಿಯ ಜಾಗ. ಮೆತ್ತನೆಯ ಬಟ್ಟೆಯಾಗಿದ್ದರೆ ಒದ್ದೆಯಾಗಿ ಬೆನ್ನಿಗೆ ಅಂಟಿಕೊಳ್ಳುತ್ತಿತ್ತು. ನಿಶ್ಚಲ ಗಾಳಿಗಿಂತ ನೀರು ಇಪ್ಪತ್ತು ಪಟ್ಟಿಗೂ ಹೆಚ್ಚು ವೇಗವಾಗಿ ಶಾಖವನ್ನು ಸಾಗಿಸುತ್ತದೆ. ಅಂಟಿದ ಒದ್ದೆ ಬಟ್ಟೆ ಎಂದರೆ ಮೈಶಾಖಕ್ಕೆ ತೆರೆದ ಬಾಗಿಲು. ದೂರ ನಿಂತ ಬಿರುಸು ಬಟ್ಟೆ ಆ ಬಾಗಿಲನ್ನು ಮುಚ್ಚುತ್ತದೆ.

ವರ್ಷಗಳು ಕಳೆದಂತೆ, ಮಡಚಿ ಬಿಚ್ಚಿ, ನೆನೆದು ಒಣಗಿ, ಗಂಜಿಯ ಪೊರೆ ಒಡೆಯುತ್ತದೆ. ಅದೇ ಹೊತ್ತಿಗೆ ಇನ್ನೊಂದು ಕ್ರಿಯೆಯೂ ನಡೆದಿರುತ್ತದೆ. ಉಣ್ಣೆಯ ಎಳೆಯ ಹೊರಮೈ ತುಂಬ ಒಂದರ ಅಂಚಿನ ಮೇಲೊಂದು ಏರಿದ ಪೊರೆಗಳಿವೆ. ಬುಡದಿಂದ ತುದಿಗೆ ಸವರಿದರೆ ನುಣುಪು, ತುದಿಯಿಂದ ಬುಡಕ್ಕೆ ಸವರಿದರೆ ತಡೆ. ನೀರು ಮತ್ತು ಉಜ್ಜಾಟ ಸೇರಿದಾಗ ಎಳೆಗಳು ಒಂದೇ ದಿಕ್ಕಿಗೆ ತೆವಳಿ ಹೆಣೆದುಕೊಳ್ಳುತ್ತವೆ, ಕಿಂಡಿಗಳು ಕಿರಿದಾಗುತ್ತವೆ. ಗಂಜಿ ಹೋಗಿ ಬಟ್ಟೆ ಮೆತ್ತಗಾಗುತ್ತದೆ, ಉಣ್ಣೆ ಹೆಣೆದು ಬಟ್ಟೆ ಒತ್ತಾಗುತ್ತದೆ. ಹಳೆಯ ಕಂಬಳಿ ಮೈಗೆ ಒಗ್ಗುತ್ತದೆ ಎಂಬ ಮಾತಿಗೆ ಇದೇ ಆಧಾರ.

ಮಳೆ, ಇಬ್ಬನಿ, ಬಿಸಿಲು

ಉಣ್ಣೆಯ ಎಳೆಯ ಹೊರಮೈಗೆ ತೆಳುವಾದ ಕೊಬ್ಬಿನ ಪದರವಿದೆ. ಅದು ನೀರಿನ ಹನಿಯನ್ನು ಒಳಗೆ ಬಿಡುವುದಿಲ್ಲ. ಎಳೆಯ ಒಳಗಿನ ಕೆರಟಿನ್ ಪ್ರೋಟೀನು ನೀರಿನ ಆವಿಯನ್ನು ಬರಮಾಡಿಕೊಳ್ಳುತ್ತದೆ. ಹೊರಗೆ ನೀರು ಒಲ್ಲದ, ಒಳಗೆ ತೇವ ಬಯಸುವ ಇಂಥ ಎಳೆಯನ್ನು ಕಾರ್ಖಾನೆಯಲ್ಲಿ ಮಾಡುವುದು ಕಷ್ಟ. ಜಿಟಿಜಿಟಿ ಮಳೆಯಲ್ಲಿ ಹನಿಗಳು ಕಂಬಳಿಯ ರೋಮಗಳ ಮೇಲೆ ಮಣಿಗಟ್ಟಿ ಜಾರಿ ಹೋಗುತ್ತವೆ. ಧೋ ಎಂದು ಗಂಟೆಗಟ್ಟಲೆ ಸುರಿದರೆ ನೀರು ಒಳಗಿಳಿಯುತ್ತದೆ, ಕಂಬಳಿ ಭಾರವಾಗುತ್ತದೆ. ಆಗಲೂ ಅದು ಕುಸಿದು ಮೈಗೆ ಅಂಟುವುದಿಲ್ಲ.

ನೀರಿನ ಆವಿ ಎಳೆಯೊಳಗೆ ಹೊಕ್ಕು ನೆಲೆಯಾಗುವಾಗ ಶಾಖ ಬಿಡುಗಡೆಯಾಗುತ್ತದೆ. ಗ್ರಾಮಿಗೆ ಸುಮಾರು 2.4 ಕಿಲೋಜೂಲ್, ಇಲ್ಲವೇ ಅದಕ್ಕಿಂತ ತುಸು ಹೆಚ್ಚು. ವಿಜಯಪುರದ ಬಯಲಿನಲ್ಲಿ ಡಿಸೆಂಬರ್-ಜನವರಿಯ ಮಧ್ಯಾಹ್ನ ಗಾಳಿ ಒಣಗಿರುತ್ತದೆ. ರಾತ್ರಿ ಉಷ್ಣತೆ 10 ಡಿಗ್ರಿಯ ಆಸುಪಾಸಿಗೆ ಇಳಿದು ನಸುಕಿಗೆ ಇಬ್ಬನಿ ಬೀಳುವುದುಂಟು. ಎರಡು ಕಿಲೋ ಕಂಬಳಿ ಈ ಬದಲಾವಣೆಯಲ್ಲಿ 200 ಗ್ರಾಂ ತೇವ ಹೀರಬಲ್ಲದು. ಅಂದರೆ 480 ಕಿಲೋಜೂಲ್. ಮಲಗಿದ ಮನುಷ್ಯನ ಮೈ ಸೆಕೆಂಡಿಗೆ ಸುಮಾರು 80 ಜೂಲ್ ಶಾಖ ಕೊಡುತ್ತದೆ. ಆ ಲೆಕ್ಕದಲ್ಲಿ ಕಂಬಳಿ ಕೊಟ್ಟದ್ದು ಒಂದು ಗಂಟೆ ನಲವತ್ತು ನಿಮಿಷದ ಮೈಶಾಖದಷ್ಟು! ಇದರಲ್ಲಿ ದೊಡ್ಡ ಪಾಲು ಹೊರಗಾಳಿಗೆ ಹೋಗುತ್ತದೆ, ನಿಜ. ಆದರೂ ಚಳಿ ಏರುವ ಹೊತ್ತಿಗೇ ಸರಿಯಾಗಿ ಬರುವ ಈ ಶಾಖ, ಮೈ ತಣ್ಣಗಾಗುವ ವೇಗವನ್ನು ತಗ್ಗಿಸುತ್ತದೆ. ಮರುದಿನದ ಬಿಸಿಲು ಕಂಬಳಿಯನ್ನು ಒಣಗಿಸಿ ಮತ್ತೆ ಸಜ್ಜುಗೊಳಿಸುತ್ತದೆ. ಕಂಬಳಿಯ ತೂಕ ಹೆಚ್ಚಿದಷ್ಟೂ ಅದರ ಈ ಉಗ್ರಾಣ ದೊಡ್ಡದು. ಪ್ಲಾಸ್ಟಿಕ್ ಹೊದಿಕೆಗೆ ಇಂಥ ಉಗ್ರಾಣವೇ ಇಲ್ಲ. ಮೈ ಬೆವರು ಅದರ ಒಳಮೈಯಲ್ಲಿ ಹನಿಗಟ್ಟಿ ಮೈಗೇ ಇಳಿಯುತ್ತದೆ.

ಬಿಸಿಲಿನ ಮಾತು? ಕರಿ ಬಣ್ಣ ಶಾಖ ಹೀರುತ್ತದೆ, ಸರಿ. ಮರುಭೂಮಿಯ ಬೆಡುಯಿನ್ ಜನ ಕರಿ ನಿಲುವಂಗಿ ತೊಡುವುದೇಕೆ ಎಂಬ ಪ್ರಶ್ನೆಗೆ 1980ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಅಧ್ಯಯನ ಉತ್ತರ ಕೊಟ್ಟಿತು. ಕರಿ ಬಟ್ಟೆ ಹೆಚ್ಚು ಕಾಯುತ್ತದೆ. ಆದರೆ ಬಟ್ಟೆ ಸಡಿಲವಾಗಿದ್ದರೆ ಆ ಹೆಚ್ಚಿನ ಶಾಖ ಮೈ ಮುಟ್ಟುವ ಮೊದಲೇ ಗಾಳಿಗೆ ಹೋಗುತ್ತದೆ. ಮೈಗೆ ತಲುಪುವ ಶಾಖ ಕರಿ ನಿಲುವಂಗಿಯಲ್ಲೂ ಬಿಳಿ ನಿಲುವಂಗಿಯಲ್ಲೂ ಒಂದೇ ಆಗಿತ್ತು. ಮಟಮಟ ಮಧ್ಯಾಹ್ನ ನೆರಳಿಲ್ಲದ ಎರೆ ಭೂಮಿಯಲ್ಲಿ ತಲೆಯ ಮೇಲೆ ದೂರ ನಿಂತ ಕಂಬಳಿಗೂ ಇದೇ ತತ್ವ ಒಪ್ಪುತ್ತದೆ.

ತೂಕದ ಉಣ್ಣೆ ಎಲ್ಲ ಕಡೆಯೂ ಗೆಲ್ಲುತ್ತದೆ ಎಂದಲ್ಲ. ಮೊದಲ ಮಹಾಯುದ್ಧದ ಕಂದಕಗಳಲ್ಲಿ ಕಿಲ್ಟ್ ಸೋತಿತು. ಕೆಸರು ನೆರಿಗೆಗಳಲ್ಲಿ ತುಂಬಿ ಬಟ್ಟೆ ಕಲ್ಲಾಗುತ್ತಿತ್ತು, ಹಿಮದಲ್ಲಿ ಹೆಪ್ಪುಗಟ್ಟಿದ ಅಂಚು ಮೊಣಕಾಲ ಹಿಂಬದಿಯನ್ನು ಕೊರೆಯುತ್ತಿತ್ತು, ನೆರಿಗೆಗಳ ಒಳಗೆ ಹೇನು ಮನೆ ಮಾಡುತ್ತಿದ್ದವು. ಎರಡನೇ ಮಹಾಯುದ್ಧದ ಆರಂಭದಲ್ಲಿ ಕಿಲ್ಟನ್ನು ರಣರಂಗದಿಂದ ಹಿಂದೆ ತೆಗೆದುಕೊಂಡರು. ಬಯಲಲ್ಲಿ ನಡೆಯಲು ಹುಟ್ಟಿದ ಬಟ್ಟೆಯನ್ನು ನೀರು ತುಂಬಿದ ಗುಂಡಿಯಲ್ಲಿ ನಿಲ್ಲಿಸಿದರೆ ಇನ್ನೇನಾಗುತ್ತದೆ?

ನಕಲು ಮತ್ತು ಅಸಲು

ಇಂದು ಜಾತ್ರೆಯ ಅಂಗಡಿಗಳಲ್ಲಿ ಕರಿ ಕಂಬಳಿ ಎಂದು ಸಿಗುವುದರಲ್ಲಿ ಬಹಳಷ್ಟು ಯಂತ್ರಮಗ್ಗದ್ದು. ಹಳೆಯ ಉಣ್ಣೆ ಬಟ್ಟೆಗಳನ್ನು ಹರಿದು ಮರಳಿ ನೂಲುವ ಉದ್ಯಮಕ್ಕೆ ಹರಿಯಾಣದ ಪಾಣಿಪತ್ ಹೆಸರುವಾಸಿ. ಅಂಥ ನೂಲಿಗೆ ಅಕ್ರಿಲಿಕ್ ಕೂಡಿಸಿದ ಹೊದಿಕೆಗಳು ಅಗ್ಗ, ಮುಟ್ಟಲು ಮೆತ್ತಗೆ, ಮನೆಯೊಳಗೆ ಹಾಸಿಗೆಗೆ ಸಾಕು. ಅವು ಮಾಡುವ ಸೇವೆಯನ್ನು ಹಳಿಯಬೇಕಿಲ್ಲ. ಆದರೆ ಬಣ್ಣ, ಅಳತೆ ಒಂದೇ ಇದ್ದ ಮಾತ್ರಕ್ಕೆ ಅವು ಕುರಿಗಾಹಿಯ ಕಂಬಳಿಯ ಕೆಲಸ ಮಾಡಲಾರವು. ಹಗುರ ಬಟ್ಟೆಯಲ್ಲಿ ಹೊಲಿದ ಕಿಲ್ಟ್ ಸೈನಿಕ ಕಿಲ್ಟಿನ ಕೆಲಸ ಮಾಡಲಾರದು ಎಂಬುದೂ ಇದೇ ಕಾರಣಕ್ಕೆ.

ಅಸಲನ್ನು ಗುರುತಿಸಲು ಪ್ರಯೋಗಾಲಯ ಬೇಡ. ಅಂಚಿನಿಂದ ಒಂದು ಎಳೆ ಕಿತ್ತು ಬೆಂಕಿಗೆ ಹಿಡಿಯಿರಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೆಂಕಿ ತೆಗೆದರೆ ತಾನೇ ಆರುತ್ತದೆ, ಬೂದಿ ಬೆರಳಿಗೆ ಪುಡಿಯಾಗುತ್ತದೆ. ಅಕ್ರಿಲಿಕ್ ಆದರೆ ಕರಗಿ ಉರಿದು ಗಟ್ಟಿ ಉಂಡೆ ಉಳಿಯುತ್ತದೆ. ಒಲೆಯ ಪಕ್ಕದಲ್ಲಿ ಮಲಗುವವರಿಗೆ ಈ ವ್ಯತ್ಯಾಸ ಜೀವದ ಪ್ರಶ್ನೆ. ಒಂದು ಹನಿ ನೀರು ಹಾಕಿ ನೋಡಿ, ಒಳ್ಳೆಯ ಉಣ್ಣೆಯ ಮೇಲೆ ಅದು ಕೆಲ ಹೊತ್ತು ಮಣಿಯಾಗಿಯೇ ಕೂತಿರುತ್ತದೆ. ಕಂಬಳಿಯನ್ನು ತೂಗಿ ನೋಡಿ. ಮೇಜಿನ ಅಂಚಿನಿಂದ ಇಳಿಬಿಟ್ಟು ಪಿಯರ್ಸನ ಪ್ರಯೋಗ ಮಾಡಿ. ಎಂಟನೇ ತರಗತಿಯ ಮಕ್ಕಳೂ ಕೋನಮಾಪಕ ಹಿಡಿದು ಮಾಡಬಹುದಾದ ಪ್ರಯೋಗ ಇದು. ವಿಜಯಪುರ ಜಿಲ್ಲೆಯ ಶಾಲೆಗಳ ವಿಜ್ಞಾನ ಪ್ರದರ್ಶನಗಳಲ್ಲಿ ಜ್ವಾಲಾಮುಖಿಯ ಮಾದರಿಗಳ ಪಕ್ಕದಲ್ಲಿ ಇದಕ್ಕೂ ಒಂದು ಮೇಜು ಸಿಗಲಿ.

ಕುರಿಗೆ ಈಗ ಮಾಂಸದ ತೂಕದಿಂದಲೇ ಬೆಲೆ ಕಟ್ಟಲಾಗುತ್ತಿದೆ. ಉಣ್ಣೆ ಹೆಚ್ಚಿಲ್ಲದ ತಳಿಗಳತ್ತ ಕುರಿಗಾಹಿಗಳು ವಾಲುತ್ತಿದ್ದಾರೆ. ದಖ್ಖನಿ ಕುರಿಯ ಉಣ್ಣೆ ಕತ್ತರಿಸುವ ಕೂಲಿಯೂ ಹುಟ್ಟದೆ ಹಲವು ಕಡೆ ಅದನ್ನು ಬಯಲಿಗೆ ಎಸೆಯುತ್ತಾರೆ. ಹಿಂದೆ ಸೇನೆಗೂ ಕೊಳ್ಳುತ್ತಿದ್ದ ಒರಟು ಕಂಬಳಿಗೆ ಈಗ ದೊಡ್ಡ ಗಿರಾಕಿಯಿಲ್ಲ. ಮೆರಿನೋದ ಮೃದುತ್ವವನ್ನೇ ಅಳತೆಗೋಲು ಮಾಡಿಕೊಂಡರೆ ದಖ್ಖನಿ ಉಣ್ಣೆ ಯಾವಾಗಲೂ ಸೋಲುತ್ತದೆ. ಬಿರುಸು, ತೂಕ, ತೇವ ಹೀರುವ ಶಕ್ತಿ, ಬೆಂಕಿ ತಡೆಯುವ ಗುಣ ಇವುಗಳಿಂದ ಅಳೆದರೆ ಅದಕ್ಕೆ ಮಾಡಲು ಕೆಲಸ ಬೇಕಾದಷ್ಟಿದೆ. ನೆಲಹಾಸು, ಗೋಡೆಯ ಶಾಖತಡೆ, ಸಸಿಗಳ ಬುಡಕ್ಕೆ ತೇವ ಹಿಡಿಯುವ ಹೊದಿಕೆ, ಹೊಲದಲ್ಲಿ ರಾತ್ರಿ ಕಳೆಯುವವರ ಹಾಸು-ಹೊದಿಕೆ, ಎಲ್ಲಕ್ಕೂ ದಪ್ಪ ಎಳೆಯೇ ಬೇಕು.

ಕಂಬಳಿ ಕೊಳ್ಳುವಾಗ ಕೆನ್ನೆಗೆ ಒತ್ತಿ ಮೆತ್ತಗಿದೆಯೇ ಎಂದು ನೋಡುವುದನ್ನು ಬಿಟ್ಟು, ಎಷ್ಟು ತೂಕ, ಯಾವ ಕುರಿಯ ಉಣ್ಣೆ, ಯಾವ ಗಂಜಿ ಎಂದು ಕೇಳಿ. ನೇಯ್ದವರು ಹೇಳಿದ ಬೆಲೆಯನ್ನು ಚೌಕಾಸಿ ಮಾಡದೆ ಕೊಡಿ. ಮೊದಲ ವರ್ಷ ಅದು ಬಿರುಸಾಗಿಯೇ ಇರುತ್ತದೆ. ಬಳಸುತ್ತಾ ಹೋಗಿ, ನಿಮ್ಮ ಮೈಗೆ ಒಗ್ಗುತ್ತದೆ.